ಹಳೆಯ ಮನೆಯ ನವೀಕರಣ: ಗೋಡೆ ಕೆಡವುವ ಮುನ್ನ ರೈತರು ಪಡೆಯಬೇಕಾದ ಅನುಮತಿಗಳು

ಸುಗ್ಗಿ ಮುಗಿದು ಮುಂಗಾರು ಆರಂಭವಾಗುವವರೆಗಿನ ಬೇಸಿಗೆಯ ಅವಧಿಯು ಗ್ರಾಮೀಣ ಪ್ರದೇಶಗಳಲ್ಲಿ ಮನೆ ದುರಸ್ತಿಯ ಕಾಲವಾಗಿರುತ್ತದೆ. ಸೋರುವ ಹೆಂಚಿನ ಮಾಡನ್ನು ತೆಗೆದು ತಾರಸಿ ಹಾಕುವುದು, ಕೊಟ್ಟಿಗೆಯನ್ನು ಮನೆಯಿಂದ ಬೇರ್ಪಡಿಸುವುದು, ಮಗನ ಸಂಸಾರಕ್ಕಾಗಿ ಮೇಲೊಂದು ಮಹಡಿ ಕಟ್ಟುವುದು ಮುಂತಾದ ಕೆಲಸಗಳನ್ನು ರೈತರು ಈ ತಿಂಗಳುಗಳಲ್ಲಿಯೇ ಕೈಗೊಳ್ಳುತ್ತಾರೆ. "ನಮ್ಮ ಮನೆ, ನಮ್ಮ ಜಾಗ, ಯಾರನ್ನು ಕೇಳಬೇಕು?" ಎಂಬ ಭಾವನೆಯಿಂದ ಅನುಮತಿ ಪಡೆಯದೆ ಕೆಲಸ ಆರಂಭಿಸುವವರೇ ಹೆಚ್ಚು. ಇದರ ಪರಿಣಾಮವು ಕೂಡಲೇ ಕಾಣದಿದ್ದರೂ, ಬ್ಯಾಂಕಿನಲ್ಲಿ ಸಾಲ ಕೇಳುವಾಗ, ಮನೆಯನ್ನು ಮಕ್ಕಳಿಗೆ ಹಂಚುವಾಗ ಅಥವಾ ನೆರೆಯವರೊಡನೆ ಗಡಿ ತಕರಾರು ಬಂದಾಗ ದಾಖಲೆಯ ಕೊರತೆಯು ತೊಡಕಾಗುತ್ತದೆ. ಆದುದರಿಂದ ಅನುಮತಿ ಪತ್ರವನ್ನು ಮನೆಯ ಆಸ್ತಿಪತ್ರದಷ್ಟೇ ಮುಖ್ಯವೆಂದು ಭಾವಿಸುವುದು ಸೂಕ್ತ.

ಮನೆಯು ಯಾವ ಬಗೆಯ ಜಾಗದಲ್ಲಿದೆ?

ಯಾವ ಅನುಮತಿ ಬೇಕೆಂಬುದು ಮನೆಯ ಗಾತ್ರಕ್ಕಿಂತ ಮೊದಲು ಅದು ನಿಂತಿರುವ ಜಾಗವನ್ನು ಅವಲಂಬಿಸಿದೆ.

1. ಗ್ರಾಮಠಾಣಾ ಜಾಗ: ಊರೊಳಗಿನ ಬಹುತೇಕ ಹಳೆಯ ಮನೆಗಳು ಗ್ರಾಮಠಾಣಾ ವ್ಯಾಪ್ತಿಯಲ್ಲಿವೆ. ಇವುಗಳಿಗೆ ಪಹಣಿ ಇರುವುದಿಲ್ಲ. ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಯೇ ಆಧಾರ. ಇ-ಸ್ವತ್ತು ತಂತ್ರಾಂಶದ ಮೂಲಕ ನೀಡುವ ನಮೂನೆಯಲ್ಲಿ ಮಾಲೀಕರ ಹೆಸರು, ಅಳತೆ ಮತ್ತು ಚೆಕ್ಕುಬಂದಿ ಸರಿಯಾಗಿವೆಯೇ ಎಂಬುದನ್ನು ಪರಿಶೀಲಿಸಬೇಕು. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಡಿ ಡ್ರೋನ್ ಅಳತೆ ನಡೆದಿರುವ ಗ್ರಾಮಗಳಲ್ಲಿ ಆ ನಕ್ಷೆಯನ್ನೂ ಹೋಲಿಸಿ ನೋಡುವುದು ಒಳಿತು.

2. ಭೂ ಪರಿವರ್ತನೆಯಾದ ಜಾಗ: ಪರಿವರ್ತನೆಯ ಆದೇಶ ಹಾಗೂ ಅನುಮೋದಿತ ವಿನ್ಯಾಸ ನಕ್ಷೆಯ ಪ್ರತಿಗಳು ಅಗತ್ಯ. ಗ್ರಾಮವು ನಗರಾಭಿವೃದ್ಧಿ ಅಥವಾ ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದ್ದರೆ ಆ ಪ್ರಾಧಿಕಾರದ ಮಹಾಯೋಜನೆಗೂ ಕಟ್ಟಡ ಹೊಂದಿಕೆಯಾಗಿರಬೇಕು.

3. ಕೃಷಿ ಜಮೀನು: ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದ ಅನ್ವಯ ರೈತರು ಬೇಸಾಯದ ಅನುಕೂಲಕ್ಕಾಗಿ ತಮ್ಮ ಜಮೀನಿನಲ್ಲಿ ಸ್ವಂತ ಬಳಕೆಯ ತೋಟದ ಮನೆ, ಬಾವಿ ಮುಂತಾದವುಗಳನ್ನು ನಿರ್ಮಿಸಿಕೊಳ್ಳಬಹುದು. ಆದರೆ ತೋಟದ ಮನೆಯು ಹಿಡುವಳಿಯ ಶೇ. 10ರಷ್ಟನ್ನು ಹಾಗೂ ಸರ್ಕಾರ ನಿಗದಿಪಡಿಸಿದ ಗರಿಷ್ಠ ಮಿತಿಯನ್ನು ಮೀರುವಂತಿಲ್ಲ. ಅದೇ ಮನೆಯನ್ನು ನವೀಕರಿಸಿ ಅಂಗಡಿ, ಗೋದಾಮು ಅಥವಾ ಬಾಡಿಗೆ ವಸತಿಯಾಗಿ ಬಳಸಬೇಕೆಂದರೆ ಅದು ಕೃಷಿಯೇತರ ಬಳಕೆಯಾಗುತ್ತದೆ. ಅದಕ್ಕೆ ಮೊದಲು ಭೂ ಪರಿವರ್ತನೆ ಮಾಡಿಸಬೇಕು.

ಯಾವ ಕೆಲಸಕ್ಕೆ ಪಂಚಾಯಿತಿಯ ಪರವಾನಗಿ?

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದ ಪ್ರಕಾರ ಕಟ್ಟಡವನ್ನು ಹೊಸದಾಗಿ ಕಟ್ಟಲು ಮಾತ್ರವಲ್ಲದೆ, ಇರುವ ಕಟ್ಟಡವನ್ನು ಮಾರ್ಪಡಿಸಲು, ವಿಸ್ತರಿಸಲು ಅಥವಾ ಪುನಃ ನಿರ್ಮಿಸಲು ಕೂಡ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಅವಶ್ಯಕ. ಸುಣ್ಣ-ಬಣ್ಣ ಬಳಿಯುವುದು, ಒಡೆದ ಹೆಂಚು ಬದಲಿಸುವುದು, ನೆಲಹಾಸು ಅಥವಾ ಬಾಗಿಲು ದುರಸ್ತಿ ಮಾಡುವುದು ಸಾಮಾನ್ಯವಾಗಿ ಈ ವ್ಯಾಪ್ತಿಗೆ ಬರುವುದಿಲ್ಲ. ಮಹಡಿ ಏರಿಸುವುದು, ಹೊರಗೋಡೆಯನ್ನು ಮುಂದಕ್ಕೆ ತರುವುದು, ಹೆಂಚಿನ ಮಾಡಿನ ಬದಲು ತಾರಸಿ ಹಾಕುವುದು, ಹೊಸ ಕೋಣೆ ಸೇರಿಸುವುದು ಇವು ಮಾರ್ಪಾಡುಗಳೇ ಆಗಿವೆ.

ಹೆಂಚಿನಿಂದ ತಾರಸಿಗೆ ಬದಲಾಗುವಾಗ ನಕ್ಷೆಯ ಪರಿಶೀಲನೆ ಏಕೆ ಬೇಕೆಂಬುದನ್ನು ಭಾರದ ಲೆಕ್ಕವೇ ತಿಳಿಸುತ್ತದೆ. ಮಂಗಳೂರು ಹೆಂಚಿನ ಮಾಡು ಒಂದು ಚದರ ಮೀಟರಿಗೆ ಸುಮಾರು 65 ಕಿ.ಗ್ರಾಂ ತೂಗಿದರೆ, 10 ಸೆಂ.ಮೀ. ದಪ್ಪದ ಕಾಂಕ್ರೀಟ್ ತಾರಸಿಯು ಸುಮಾರು 250 ಕಿ.ಗ್ರಾಂ ತೂಗುತ್ತದೆ. 20×30 ಅಡಿ ಅಳತೆಯ ಮನೆಗೆ ಇದು ಸುಮಾರು 14 ಟನ್ ಆಗುತ್ತದೆ. ಮಣ್ಣಿನ ಗೋಡೆ ಅಥವಾ ಕೆಸರು ಗಾರೆಯ ಕಲ್ಲುಗೋಡೆಗಳು ಈ ಭಾರವನ್ನು ಹೊರಲಾರವು. ಆದ್ದರಿಂದ ಅರ್ಹ ಅಭಿಯಂತರರಿಂದ ಬುನಾದಿ ಮತ್ತು ಗೋಡೆಗಳನ್ನು ಪರೀಕ್ಷೆ ಮಾಡಿಸಿ ನಕ್ಷೆ ತಯಾರಿಸುವುದು ಕುಟುಂಬದ ಪ್ರಾಣರಕ್ಷಣೆಯ ವಿಷಯವೂ ಹೌದು.

ಅರ್ಜಿ ಸಲ್ಲಿಸುವ ಕ್ರಮ

• ಮೊದಲು ಖಾತೆಯನ್ನು ಸರಿಪಡಿಸಿಕೊಳ್ಳಬೇಕು. ಅಜ್ಜ ಅಥವಾ ತಂದೆ ತೀರಿಕೊಂಡು ಹಲವು ವರ್ಷಗಳಾದರೂ ಮನೆಯು ಅವರ ಹೆಸರಿನಲ್ಲಿಯೇ ಉಳಿದಿರುವುದು ಹಳ್ಳಿಗಳಲ್ಲಿ ಸಾಮಾನ್ಯ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಖಾತೆ ಬದಲಾವಣೆ ಮಾಡಿಸಬೇಕು. ಮನೆಯು ಜಂಟಿ ಸ್ವತ್ತಾಗಿದ್ದರೆ ಉಳಿದ ಹಕ್ಕುದಾರರ ಲಿಖಿತ ಒಪ್ಪಿಗೆ ಪಡೆಯಬೇಕು.
• ಇ-ಸ್ವತ್ತು ನಮೂನೆ, ಪ್ರಸಕ್ತ ಸಾಲಿನ ತೆರಿಗೆ ರಶೀದಿ, ಗುರುತಿನ ಚೀಟಿ, ಈಗಿರುವ ಕಟ್ಟಡ ಹಾಗೂ ಉದ್ದೇಶಿತ ಬದಲಾವಣೆಯನ್ನು ಬೇರೆ ಬೇರೆಯಾಗಿ ತೋರಿಸುವ ನಕ್ಷೆ ಇವುಗಳೊಂದಿಗೆ ಅರ್ಜಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ಸಲ್ಲಿಸಬೇಕು.
• ದಿನಾಂಕವಿರುವ ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆಯಬೇಕು. ಅರ್ಜಿ ತಲುಪಿದ 60 ದಿನಗಳೊಳಗೆ ಪಂಚಾಯಿತಿಯು ತನ್ನ ನಿರ್ಧಾರವನ್ನು ತಿಳಿಸದಿದ್ದಲ್ಲಿ ಅನುಮತಿ ದೊರೆತಂತೆ ಭಾವಿಸಲು ಕಾನೂನಿನಲ್ಲಿ ಅವಕಾಶವಿದೆ. ಸ್ವೀಕೃತಿ ಇಲ್ಲದಿದ್ದರೆ ಈ ಅವಧಿಯನ್ನು ಸಾಬೀತುಪಡಿಸಲಾಗುವುದಿಲ್ಲ. ಹೀಗೆ ಆರಂಭಿಸಿದ ಕೆಲಸವೂ ಕಾಯ್ದೆ ಮತ್ತು ಉಪವಿಧಿಗಳನ್ನು ಉಲ್ಲಂಘಿಸುವಂತಿಲ್ಲ.
• ಅರ್ಜಿಯು ತಿರಸ್ಕೃತವಾದರೆ ಕಾರಣವನ್ನು ಹಿಂಬರಹದ ರೂಪದಲ್ಲಿ ಪಡೆದು, ನ್ಯೂನತೆ ಸರಿಪಡಿಸಿ ಮತ್ತೆ ಸಲ್ಲಿಸಬೇಕು. ಮೌಖಿಕ ಒಪ್ಪಿಗೆಯಾಗಲಿ ಮೌಖಿಕ ನಿರಾಕರಣೆಯಾಗಲಿ ಮುಂದೆ ದಾಖಲೆಯಾಗಿ ಉಳಿಯುವುದಿಲ್ಲ.

ಪಂಚಾಯಿತಿಯ ಹೊರತಾಗಿ ಗಮನಿಸಬೇಕಾದ ಅಂಶಗಳು

ವಿದ್ಯುತ್ ಮಾರ್ಗ: ಮಹಡಿ ಏರಿಸುವಾಗ ಸಂಭವಿಸುವ ಅವಘಡಗಳಿಗೆ ಮನೆಯ ಸಮೀಪ ಹಾದುಹೋಗುವ ತಂತಿಗಳು ಕಾರಣವಾಗುತ್ತವೆ. ಕಟ್ಟಡದ ಅತಿ ಎತ್ತರದ ಭಾಗದಿಂದ 11 ಕೆ.ವಿ. ಮಾರ್ಗಕ್ಕೆ ಲಂಬವಾಗಿ ಕನಿಷ್ಠ 3.7 ಮೀ. ಹಾಗೂ ಪಕ್ಕದಲ್ಲಿ 1.2 ಮೀ. ಅಂತರವಿರಬೇಕು. ಮನೆಗಳಿಗೆ ಪೂರೈಕೆಯಾಗುವ ಸಾಮಾನ್ಯ ಮಾರ್ಗಕ್ಕೆ ಲಂಬವಾಗಿ 2.5 ಮೀ. ಹಾಗೂ ಪಕ್ಕದಲ್ಲಿ 1.2 ಮೀ. ಅಂತರ ಅಗತ್ಯ. ಇಷ್ಟು ಅಂತರ ದೊರೆಯದಿದ್ದಲ್ಲಿ ಕೆಲಸಕ್ಕೆ ಮೊದಲೇ ವಿದ್ಯುತ್ ಸರಬರಾಜು ಕಂಪನಿಗೆ ಅರ್ಜಿ ಸಲ್ಲಿಸಿ, ವೆಚ್ಚ ಭರಿಸಿ ಮಾರ್ಗವನ್ನು ಸ್ಥಳಾಂತರಿಸಬೇಕು. ಕಬ್ಬಿಣದ ಸರಳುಗಳನ್ನು ಮೇಲೆತ್ತುವ ಕೂಲಿಕಾರರ ಸುರಕ್ಷತೆಯ ದೃಷ್ಟಿಯಿಂದಲೂ ಇದು ಅನಿವಾರ್ಯ.

ಸ್ಮಾರಕಗಳ ಸಮೀಪ: ಐಹೊಳೆ, ಪಟ್ಟದಕಲ್ಲು, ಹಳೇಬೀಡು ಮುಂತಾದ ಊರುಗಳಲ್ಲಿ ರೈತರ ಮನೆಗಳು ಸಂರಕ್ಷಿತ ಸ್ಮಾರಕಗಳ ಪಕ್ಕದಲ್ಲಿಯೇ ಇವೆ. 2010ರಲ್ಲಿ ತಿದ್ದುಪಡಿಯಾದ ಕೇಂದ್ರ ಕಾಯ್ದೆಯಂತೆ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀ. ನಿಷೇಧಿತ ಪ್ರದೇಶ; ಅದರಾಚೆಗಿನ 200 ಮೀ. ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕಿಂತ ಮೊದಲೇ ಅಲ್ಲಿದ್ದ ಮನೆಯ ದುರಸ್ತಿ ಮತ್ತು ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ಅನುಮತಿ ಪಡೆಯಬಹುದು. ಆದ್ದರಿಂದ ಮನೆಯ ಹಳೆಯ ತೆರಿಗೆ ರಶೀದಿ, ಮತದಾರರ ಪಟ್ಟಿ, ವಿದ್ಯುತ್ ಬಿಲ್ಲು ಮೊದಲಾದವುಗಳನ್ನು ಜೋಪಾನವಾಗಿ ಇರಿಸಿಕೊಳ್ಳಬೇಕು. ಹಳೆಯ ಮನೆಯನ್ನು ಪೂರ್ಣ ಕೆಡವಿ ಹೊಸದಾಗಿ ಕಟ್ಟುವುದು ದುರಸ್ತಿ ಎನಿಸಿಕೊಳ್ಳುವುದಿಲ್ಲ. ಒಮ್ಮೆ ಕೆಡವಿದರೆ ಮರಳಿ ಕಟ್ಟುವ ಅವಕಾಶವೇ ತಪ್ಪಿಹೋಗಬಹುದು.

ರಸ್ತೆ ಮತ್ತು ನೀರು: ಹೆದ್ದಾರಿಯ ಬದಿಯ ಮನೆಯಾಗಿದ್ದರೆ ಕಟ್ಟಡ ರೇಖೆಯ ಬಗ್ಗೆ ಸಂಬಂಧಿಸಿದ ಇಲಾಖೆಯನ್ನು ವಿಚಾರಿಸಬೇಕು. ಹೊಸ ಶೌಚಾಲಯದ ಗುಂಡಿಯು ಕುಡಿಯುವ ನೀರಿನ ಬಾವಿಯಿಂದ 15 ಮೀ.ನಷ್ಟು ದೂರವಿರುವುದು ಸುರಕ್ಷಿತ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಕೊಟ್ಟಿಗೆ, ಗೊಬ್ಬರದ ಗುಂಡಿ, ಗೋಬರ್ ಗ್ಯಾಸ್ ಘಟಕ ಮುಂತಾದವುಗಳಿಗೆ ಸಲಹೆ ನೀಡುವಾಗ ಮನೆಯ ದಾಖಲೆಗಳ ಸ್ಥಿತಿಯನ್ನೂ ವಿಚಾರಿಸುವುದು ಉಪಯುಕ್ತ. ರೈತರು ಕೆಲಸ ಆರಂಭಿಸಲು ಬಯಸುವ ದಿನಕ್ಕಿಂತ ಕನಿಷ್ಠ ಮೂರು ತಿಂಗಳು ಮೊದಲು ಅರ್ಜಿ ಸಲ್ಲಿಸುವಂತೆ ತಿಳಿಸಬೇಕು. ಬೇಸಿಗೆಯಲ್ಲಿ ಕೆಲಸವಾಗಬೇಕಾದರೆ ದೀಪಾವಳಿಯ ಹೊತ್ತಿಗೆ ದಾಖಲೆಗಳನ್ನು ಪರಿಶೀಲಿಸುವುದು ಉತ್ತಮ. ಮಾಡನ್ನು ಇಳಿಸಿದ ಮೇಲೆ ಕಾಗದಕ್ಕಾಗಿ ಅಲೆಯುತ್ತಾ ಕುಳಿತರೆ ಮಳೆಗಾಲದಲ್ಲಿ ಕುಟುಂಬವೂ ಕಾಳು-ಕಡ್ಡಿಯೂ ಬಯಲಿಗೆ ಬೀಳುತ್ತವೆ.

ಅನುಮತಿ ಪತ್ರ, ಅನುಮೋದಿತ ನಕ್ಷೆ, ಶುಲ್ಕದ ರಶೀದಿ ಹಾಗೂ ಸ್ವೀಕೃತಿ ಪತ್ರಗಳನ್ನು ಒಂದೇ ಕಡತದಲ್ಲಿರಿಸಿ, ಪ್ರತಿಯೊಂದನ್ನು ಕುಟುಂಬದ ಮತ್ತೊಬ್ಬ ಸದಸ್ಯರ ಬಳಿಯೂ ಇರಿಸಬೇಕು. ಹೆಚ್ಚಿನ ಮಾಹಿತಿಗಾಗಿ ತಮ್ಮ ಗ್ರಾಮ ಪಂಚಾಯಿತಿ ಅಥವಾ ತಾಲ್ಲೂಕು ಪಂಚಾಯಿತಿ ಕಚೇರಿಯನ್ನು ಸಂಪರ್ಕಿಸಬಹುದು.