ಮೇಜಿನ ಚೆಂಡಾಟದಲ್ಲಿ ಭ್ರಮಣಾನುಮಾನವೂ ಆಘಾತಕಾಲವೂ

ಟೇಬಲ್ ಟೆನಿಸ್ ಎಂದು ಪ್ರಸಿದ್ಧವಾದ ಮೇಜಿನ ಚೆಂಡಾಟವು ಕೈಚಳಕದ ಕ್ರೀಡೆಯೆಂದೇ ಸಾಮಾನ್ಯರ ಭಾವನೆ. ವಿಚಾರಿಸಿದರೆ ಅದರಲ್ಲಿ ಕೈಗಿಂತ ಮೊದಲು ಕೆಲಸಮಾಡತಕ್ಕದ್ದು ಅನುಮಾನ. ಎದುರಾಳಿಯು ಹೊಡೆದ ಚೆಂಡು ತನ್ನ ಅಕ್ಷದ ಮೇಲೆ ತಿರುಗುತ್ತಲೇ ಬರುತ್ತದೆ. ಈ ಭ್ರಮಣವನ್ನು ಆಟಗಾರರು ಸ್ಪಿನ್ ಎನ್ನುವರು. 40 ಮಿಲಿಮೀಟರ್ ವ್ಯಾಸದ ನುಣುಪಾದ ಚೆಂಡಿನ ತಿರುಗಾಟವು ಕಣ್ಣಿಗೆ ಬಹುಮಟ್ಟಿಗೆ ಅಗೋಚರ. ಆದುದರಿಂದ ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಲಿಂಗದಿಂದಲೇ ಅದನ್ನು ಗ್ರಹಿಸಬೇಕು.

ಲಿಂಗಗಳಲ್ಲಿ ಮುಖ್ಯವಾದುದು ಸಂಪರ್ಕಕ್ಷಣದಲ್ಲಿ ಎದುರಾಳಿಯ ಬ್ಯಾಟಿನ ಗತಿ. ಬ್ಯಾಟು ಕೆಳಗಿನಿಂದ ಮೇಲಕ್ಕೆ ಉಜ್ಜಿದರೆ ಟಾಪ್‌ಸ್ಪಿನ್. ಮೇಲಿನಿಂದ ಕೆಳಕ್ಕೆ ಸೀಳಿದರೆ ಬ್ಯಾಕ್‌ಸ್ಪಿನ್. ಮೊದಲನೆಯದನ್ನು ಅನುಭ್ರಮಣವೆಂದೂ ಎರಡನೆಯದನ್ನು ಪ್ರತಿಭ್ರಮಣವೆಂದೂ ಕರೆಯಬಹುದು; ‘ಮುಂಭ್ರಮಣ’ವೆಂದರೆ ಅರಿಸಮಾಸದ ದೋಷ ತಪ್ಪದು. ಅನುಭ್ರಮಣವುಳ್ಳ ಚೆಂಡು ಗಾಳಿಯ ಒತ್ತಡಭೇದದಿಂದ ಬೇಗನೆ ಕೆಳಕ್ಕೆ ಬಾಗಿ, ಮೇಜನ್ನು ತಾಕಿದೊಡನೆ ಮುನ್ನುಗ್ಗಿ, ಬ್ಯಾಟಿಗೆ ಬಿದ್ದರೆ ಮೇಲಕ್ಕೆ ಚಿಮ್ಮುವುದು. ಅದಕ್ಕೆ ಬ್ಯಾಟಿನ ಮುಖವನ್ನು ಕೆಳಕ್ಕೆ ಬಾಗಿಸಬೇಕು. ಪ್ರತಿಭ್ರಮಣವುಳ್ಳದ್ದು ತೇಲಿಬಂದು, ಪುಟನೆಗೆದ ಮೇಲೆ ಮಂದವಾಗಿ, ಬ್ಯಾಟಿನಿಂದ ಕೆಳಕ್ಕೆ ಜಾರಿ ಬಲೆಗೆ ಬೀಳುವುದು. ಅದಕ್ಕೆ ಮುಖವನ್ನು ಮೇಲಕ್ಕೆ ತೆರೆದು ಎತ್ತಿ ಹೊಡೆಯಬೇಕು. ಅನುಮಾನವು ತಪ್ಪಿದರೆ ಪರಿಹಾರವೇ ವಿಪರೀತಫಲವನ್ನು ಕೊಡುವುದು.

ಎರಡನೆಯ ಲಿಂಗ ಶಬ್ದ. ಇದರ ಬಲವೆಷ್ಟೆಂಬುದು 1952ರಲ್ಲಿ ಮುಂಬಯಿಯಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಪ್ರಕಟವಾಯಿತು. ಅದುವರೆಗೆ ಪ್ರಚುರವಾಗಿದ್ದ ಮೊನೆಗಳುಳ್ಳ ರಬ್ಬರಿನ ಬ್ಯಾಟು ಪ್ರತಿಯೊಂದು ಹೊಡೆತಕ್ಕೂ ಸ್ಫುಟವಾದ ನಾದವನ್ನು ಕೊಡುತ್ತಿದ್ದಿತು. ಜಪಾನಿನ ಹಿರೋಜಿ ಸಾತೊ ಎಂಬಾತನು ದಪ್ಪನಾದ ಸ್ಪಂಜನ್ನು ಹೊದಿಸಿದ ಬ್ಯಾಟನ್ನು ಹಿಡಿದು ಬಂದನು. ಅದರಿಂದ ಹೊರಟ ಚೆಂಡು ಬಹುಮಟ್ಟಿಗೆ ನಿಶ್ಶಬ್ದ, ವೇಗವಾದರೋ ಅಧಿಕ. ಕಿವಿಯಿಂದಲೂ ಕಾಲವನ್ನು ಅಳೆದು ರೂಢಿಯಾಗಿದ್ದ ಯುರೋಪಿನ ನುರಿತ ಆಟಗಾರರು ಕಂಗೆಟ್ಟರು. ಸಾತೊ ಪುರುಷರ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದನು. 1959ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯು ಬ್ಯಾಟಿನ ಹೊದಿಕೆಯ ದಪ್ಪಕ್ಕೆ ಮಿತಿಯನ್ನು ವಿಧಿಸಿ, ಬರಿಯ ಸ್ಪಂಜನ್ನು ನಿಷೇಧಿಸಿತು. ಆಮೇಲೆ ಬ್ಯಾಟಿನ ಎರಡು ಮುಖಗಳಿಗೂ ಭಿನ್ನಗುಣದ ರಬ್ಬರನ್ನು ಒಂದೇ ಬಣ್ಣದಲ್ಲಿ ಅಂಟಿಸಿ, ಆಟದ ನಡುವೆ ಅದನ್ನು ತಿರುಗಿಸುವ ತಂತ್ರ ಹುಟ್ಟಿತು. ಗತಿಯೊಂದೇ, ಫಲ ಎರಡು ಬಗೆ. ನೈಯಾಯಿಕರು ಇಂಥ ಹೇತುವನ್ನು ಸವ್ಯಭಿಚಾರವೆನ್ನುವರು. 1980ರ ದಶಕದಲ್ಲಿ ಎರಡು ಮುಖಗಳೂ ಭಿನ್ನವರ್ಣವಾಗಿರಬೇಕೆಂಬ ನಿಯಮ ಬಂದ ಮೇಲೆಯೇ ಈ ಹೇತ್ವಾಭಾಸವು ಬಹುಮಟ್ಟಿಗೆ ನೀಗಿತು.

ಇನ್ನು ಆಘಾತಕಾಲ. ಪುಟನೆಗೆದ ಚೆಂಡಿಗೆ ಆರೋಹ, ಶಿಖರ, ಅವರೋಹಗಳೆಂಬ ಮೂರು ಅವಸ್ಥೆಗಳು. ಆರೋಹದಲ್ಲಿ ಹೊಡೆದರೆ ಎದುರಾಳಿಗೆ ಅವಕಾಶ ಕಡಮೆಯಾಗುವುದು. ಆದರೆ ತಪ್ಪಿಗೆ ಎಡೆ ಹೆಚ್ಚು. ಅವರೋಹದಲ್ಲಿ ವೇಗವು ತಗ್ಗಿರುವುದರಿಂದ ಮೇಜಿಗೆ ದೂರವಾಗಿ ನಿಂತಾಡುವ ರಕ್ಷಣಪರರಿಗೆ ಅದು ಪ್ರಿಯ. ಕಲಿಯುವವನು ಶಿಖರದಲ್ಲಿಯೇ ಹೊಡೆಯುವುದನ್ನು ಮೊದಲು ಅಭ್ಯಾಸಮಾಡುವುದು ಯುಕ್ತ. ಕಾಲಭಂಗಕ್ಕೆ ಕಾರಣ ಪ್ರಾಯಶಃ ಕೈಯ ಮಾಂದ್ಯವಲ್ಲ. ಮೇಜಿನ ಉದ್ದವೇ 2.74 ಮೀಟರು, ಚೆಂಡು ಬಲೆಯನ್ನು ದಾಟಿದ ಮೇಲೆ ನೋಡತೊಡಗಿ, ಬ್ಯಾಟನ್ನು ಅತಿಯಾಗಿ ಹಿಂದಕ್ಕೆಳೆದವನಿಗೆ ವೇಳೆಯೆಲ್ಲಿ? ಚೆಂಡು ಮೇಜನ್ನು ತಾಕಿದಾಗ ಒಂದು, ಬ್ಯಾಟನ್ನು ತಾಕಿದಾಗ ಎರಡು ಎಂದು ಬಾಯಲ್ಲಿ ಎಣಿಸುವುದು ಒಳ್ಳೆಯ ಉಪಾಯ. ವೇದಾಧ್ಯಾಯಿಯು ಕೈಯಾಡಿಸಿ ಸ್ವರವನ್ನು ಸಾಧಿಸುವಂತೆ. ಎಣಿಕೆಗಳ ನಡುವಣ ಅಂತರವು ಸಮವಾದ ತರುವಾಯ ಎದುರಿನವನು ಹೇಳದೆಯೇ ಭ್ರಮಣವನ್ನು ಬದಲಿಸಿ ಹೊಡೆಯತಕ್ಕದ್ದು.