ಕುಸಿದ ಗೋಡೆಯಿಂದ ಭದ್ರವಾದ ಮನೆಯವರೆಗೆ: ಪುನರ್ನಿರ್ಮಾಣದಲ್ಲಿ ಸ್ವಯಂಸೇವಾ ಸಂಸ್ಥೆಗಳು ಮತ್ತು ತಂತ್ರಜ್ಞಾನ

ಪ್ರಕೃತಿ ವಿಕೋಪವು ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಅದರ ಪರಿಣಾಮವು ಒಂದು ತಲೆಮಾರಿನವರೆಗೆ ಮುಂದುವರಿಯುತ್ತದೆ. ಅನ್ನ, ಬಟ್ಟೆ, ಔಷಧಗಳ ತುರ್ತು ನೆರವು ಮೊದಲ ವಾರಗಳ ಅಗತ್ಯ. ಆದರೆ ಮನೆ ಕಳೆದುಕೊಂಡ ಕುಟುಂಬವು ಮತ್ತೆ ನಿರ್ಭಯವಾಗಿ ಒಂದು ಸೂರಿನ ಕೆಳಗೆ ಮಲಗುವಂತಾಗಬೇಕಾದರೆ ಬೇರೊಂದು ಬಗೆಯ ನೆರವು ಬೇಕಾಗುತ್ತದೆ. ಮನೆ ಏಕೆ ಬಿತ್ತು, ಮುಂದೆ ಬೀಳದಂತೆ ಅದನ್ನು ಹೇಗೆ ಕಟ್ಟಬೇಕು, ಕೊಟ್ಟ ಭರವಸೆ ಈಡೇರಿದೆಯೇ ಎಂಬುದನ್ನು ಹೇಗೆ ಪರೀಕ್ಷಿಸಬೇಕು ಎಂಬ ತಿಳಿವಳಿಕೆಯೇ ಆ ನೆರವು. ಈ ತಿಳಿವಳಿಕೆಯನ್ನು ಜನರ ಬಳಿಗೆ ಒಯ್ಯುವ ಕಾರ್ಯದಲ್ಲಿ ಸ್ವಯಂಸೇವಾ ಸಂಸ್ಥೆಗಳು ಮಹತ್ವದ ಪಾತ್ರ ವಹಿಸಿವೆ. ಪುಣೆ ನಗರ ಮತ್ತು ಅದರ ಪಶ್ಚಿಮ ಭಾಗದ ಕೋಥರೂಡ ಬಡಾವಣೆಯೊಂದಿಗೆ ಸಂಬಂಧವುಳ್ಳ ಕೆಲವು ಅನುಭವಗಳ ಮೂಲಕ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಪಾನಶೇತ್ ಪ್ರವಾಹದ ಪಾಠ

ಪುಣೆಯ ಹಿರಿಯರ ನೆನಪಿನಲ್ಲಿ 1961ರ ಜುಲೈ 12 ಇನ್ನೂ ಮಾಸಿಲ್ಲ. ಅಂದು ಬೆಳಿಗ್ಗೆ, ನಿರ್ಮಾಣ ಪೂರ್ಣಗೊಳ್ಳದಿದ್ದ ಪಾನಶೇತ್ ಅಣೆಕಟ್ಟು ಒಡೆಯಿತು. ಅದರ ನೀರು ಕೆಳಗಿನ ಖಡಕವಾಸಲಾ ಜಲಾಶಯವನ್ನು ತುಂಬಿ, ಅದೇ ದಿನ ಆ ಹಳೆಯ ಅಣೆಕಟ್ಟೂ ಒಡೆಯಿತು. ಮುಠಾ ನದಿಯ ದಂಡೆಯ ಹಳೆಯ ಪೇಟೆಗಳಲ್ಲಿ ಸಾವಿರಾರು ಮನೆಗಳು ನೆಲಸಮವಾದವು. ನಗರಕ್ಕೆ ಕುಡಿಯುವ ನೀರು ಒದಗಿಸುತ್ತಿದ್ದುದು ಖಡಕವಾಸಲಾ ಜಲಾಶಯವೇ ಆದ್ದರಿಂದ, ಪ್ರವಾಹದಲ್ಲಿ ಮುಳುಗಿದ ನಗರವು ಮರುದಿನವೇ ನೀರಿಗಾಗಿ ಪರದಾಡುವ ವಿಪರ್ಯಾಸವೂ ಉಂಟಾಯಿತು.

ಪ್ರವಾಹದ ನಂತರದ ದಶಕಗಳಲ್ಲಿ ನಗರವು ಪಶ್ಚಿಮದ ಕಡೆಗೆ ವಿಸ್ತರಿಸಿತು. ಒಂದು ಕಾಲಕ್ಕೆ ಹೊಲಗಳ ನಡುವಿನ ಹಳ್ಳಿಯಾಗಿದ್ದ ಕೋಥರೂಡವು ದಟ್ಟ ಜನವಸತಿಯ ಬಡಾವಣೆಯಾಗಿ ಬೆಳೆಯಿತು. ಉದ್ಯೋಗ ಮತ್ತು ವಿದ್ಯಾಭ್ಯಾಸಕ್ಕಾಗಿ ಬಂದು ಪುಣೆಯಲ್ಲಿ ನೆಲೆಸಿದವರಲ್ಲಿ ಕನ್ನಡ ಕುಟುಂಬಗಳೂ ಗಣನೀಯ ಸಂಖ್ಯೆಯಲ್ಲಿವೆ. ನೀರು ಏರುತ್ತಿದೆ ಎಂಬ ಸುದ್ದಿಯು ನೀರಿಗಿಂತ ಮೊದಲು ಪ್ರತಿ ಮನೆಯನ್ನು ತಲುಪಬೇಕು ಎಂಬುದು 1961ರ ಪಾಠ. ವಿಪತ್ತಿನ ಸಂದರ್ಭದಲ್ಲಿ ತಂತ್ರಜ್ಞಾನದ ಮೊದಲ ಕರ್ತವ್ಯವೂ ಇದೇ ಆಗಿದೆ.

ಕಿಲ್ಲಾರಿಯ ಆ ರಾತ್ರಿ

ಎರಡನೆಯ ಪಾಠವು ಕರ್ನಾಟಕದ ಗಡಿಗೆ ಹೊಂದಿಕೊಂಡ ಪ್ರದೇಶದಿಂದ ಬಂದಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಲಾತೂರ ಮತ್ತು ಉಸ್ಮಾನಾಬಾದ ಜಿಲ್ಲೆಗಳಲ್ಲಿ ಭೂಮಿ ನಡುಗಿತು. ಗಣೇಶ ವಿಸರ್ಜನೆ ಮುಗಿಸಿ ದಣಿದ ಜನರು ಮನೆಯೊಳಗೆ ಗಾಢ ನಿದ್ರೆಯಲ್ಲಿದ್ದರು. ಕಂಪನದ ಪ್ರಮಾಣ 6.2 ಎಂದು ದಾಖಲಾಯಿತು. ಮಡಿದವರ ಸಂಖ್ಯೆಯನ್ನು ಬೇರೆ ಬೇರೆ ಅಂದಾಜುಗಳು ಸುಮಾರು 8 ಸಾವಿರದಿಂದ 10 ಸಾವಿರದವರೆಗೆ ಸೂಚಿಸುತ್ತವೆ. ಕಂಪನವು ಕರ್ನಾಟಕದ ಬೀದರ ಮತ್ತು ಕಲಬುರಗಿ ಜಿಲ್ಲೆಗಳಲ್ಲಿಯೂ ಅನುಭವಕ್ಕೆ ಬಂದಿತು.

ಅಂದಿನ ಭೂಕಂಪ ವಲಯ ನಕ್ಷೆಯಲ್ಲಿ ಈ ಪ್ರದೇಶವು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ಕೈಬಿಟ್ಟು, ಕಿಲ್ಲಾರಿ ಪ್ರದೇಶವನ್ನು ಮೂರನೆಯ ವಲಯಕ್ಕೆ ಸೇರಿಸಲಾಯಿತು.

ಮಧ್ಯಮ ಪ್ರಮಾಣದ ಕಂಪನವು ಇಷ್ಟೊಂದು ಜೀವಗಳನ್ನು ಬಲಿ ತೆಗೆದುಕೊಂಡುದಕ್ಕೆ ಮನೆಗಳ ರಚನೆಯೇ ಮುಖ್ಯ ಕಾರಣವಾಗಿತ್ತು. ಇಲ್ಲಿನ ಗೋಡೆಗಳು ಕಾಡುಗಲ್ಲನ್ನು ಮಣ್ಣಿನ ಗಾರೆಯಲ್ಲಿ ಜೋಡಿಸಿ ಕಟ್ಟಿದಂಥವು. ಹೊರಗಿನಿಂದ ಅವು ಒಂದೇ ದಪ್ಪ ಗೋಡೆಯಂತೆ ಕಂಡರೂ ವಾಸ್ತವವಾಗಿ ಒಳಗೊಂದು, ಹೊರಗೊಂದು ಎಂದು ಎರಡು ಪದರಗಳಿದ್ದು, ನಡುವೆ ಚೂರುಗಲ್ಲು ಮತ್ತು ಮಣ್ಣನ್ನು ತುಂಬಲಾಗಿತ್ತು. ಈ ಎರಡು ಪದರಗಳನ್ನು ಬಿಗಿಯುವ ಉದ್ದನೆಯ ಕಲ್ಲುಗಳು ಇರಲಿಲ್ಲ. ಮೇಲೆ ಮರದ ತೊಲೆಗಳ ಮೇಲೆ ಹರಡಿದ ಮಣ್ಣಿನ ಮಾಳಿಗೆ. ಬಿಸಿಲಿನ ತಾಪ ತಡೆಯಲೆಂದು ಮತ್ತು ಸೋರಿಕೆ ನಿಲ್ಲಿಸಲೆಂದು ವರ್ಷ ವರ್ಷವೂ ಹೊಸ ಮಣ್ಣು ಹಾಕಿದ್ದರಿಂದ ಮಾಳಿಗೆಯ ಭಾರ ಹೆಚ್ಚುತ್ತಲೇ ಹೋಗಿತ್ತು. ಭೂಮಿ ಅಲುಗಿದಾಗ ಗೋಡೆಯ ಪದರಗಳು ಒಂದರಿಂದೊಂದು ಬೇರ್ಪಟ್ಟು ಉಬ್ಬಿದವು, ಮೂಲೆಗಳು ಬಿರಿದವು, ಕಲ್ಲುಗಳು ಮಲಗಿದವರ ಮೇಲೆ ಉರುಳಿದವು. ಆದರೆ ಅನೇಕ ಮನೆಗಳಲ್ಲಿ ಮರದ ಕಂಬಗಳ ಚೌಕಟ್ಟು ಮಾತ್ರ ನಿಂತೇ ಇತ್ತು. ಕೊಂದದ್ದು ಕಲ್ಲಲ್ಲ, ಕಲ್ಲನ್ನು ಕಲ್ಲಿಗೆ ಬಿಗಿಯದ ಕಟ್ಟುವ ಕ್ರಮ.

ಎರಡು ದಾರಿಗಳು

ಮಹಾರಾಷ್ಟ್ರ ಸರ್ಕಾರವು ವಿಶ್ವಬ್ಯಾಂಕಿನ ನೆರವಿನೊಡನೆ 1994ರಲ್ಲಿ ಬೃಹತ್ ಪುನರ್ವಸತಿ ಕಾರ್ಯಕ್ರಮವನ್ನು ಕೈಗೊಂಡಿತು. ಪೂರ್ಣವಾಗಿ ನಾಶವಾದ 52 ಹಳ್ಳಿಗಳನ್ನು ಹೊಸ ನಿವೇಶನಗಳಿಗೆ ಸ್ಥಳಾಂತರಿಸುವುದು ಮೊದಲನೆಯ ದಾರಿ. ಭಾಗಶಃ ಹಾನಿಗೊಂಡ ಸುಮಾರು 2 ಲಕ್ಷ ಮನೆಗಳನ್ನು ಇದ್ದಲ್ಲಿಯೇ ದುರಸ್ತಿ ಮಾಡಿ ಬಲಪಡಿಸುವುದು ಎರಡನೆಯ ದಾರಿ.

ಮೊದಲನೆಯ ದಾರಿಯಲ್ಲಿ ಸರ್ಕಾರದೊಂದಿಗೆ ಅನೇಕ ಸ್ವಯಂಸೇವಾ ಸಂಸ್ಥೆಗಳು ಮತ್ತು ದಾನಿಗಳು ಕೈಜೋಡಿಸಿ ಸಾವಿರಾರು ಮನೆಗಳನ್ನು ಕಟ್ಟಿಸಿಕೊಟ್ಟರು. ಆದರೆ ಪಟ್ಟಣದ ಬಡಾವಣೆಯ ಮಾದರಿಯಲ್ಲಿ ನೇರ ರಸ್ತೆಗಳ ಮೇಲೆ ಹರಡಿದ ಈ ಹೊಸ ಊರುಗಳು ವಿಮರ್ಶೆಗೂ ಒಳಗಾದವು. ದನಕರುಗಳನ್ನು ಕಟ್ಟಲು, ಕಾಳು ಸಂಗ್ರಹಿಸಲು, ನೆರೆಹೊರೆಯವರೊಡನೆ ಅಂಗಳ ಹಂಚಿಕೊಳ್ಳಲು ಹಳೆಯ ಮನೆಯಲ್ಲಿದ್ದ ಅನುಕೂಲವು ಹೊಸ ಮನೆಯಲ್ಲಿ ಅನೇಕರಿಗೆ ದೊರೆಯಲಿಲ್ಲ. ಮನೆಯಲ್ಲಿ ವಾಸಿಸಬೇಕಾದವರನ್ನು ಕೇಳದೆ ರೂಪಿಸಿದ ಯೋಜನೆಯು ತಾಂತ್ರಿಕವಾಗಿ ಸರಿಯಿದ್ದರೂ ಬದುಕಿಗೆ ಹೊಂದುವುದು ಕಷ್ಟ.

ಎರಡನೆಯ ದಾರಿಯ ತೊಡಕು ಬೇರೆಯದಾಗಿತ್ತು. ತಮ್ಮವರನ್ನು ಕಲ್ಲಿನ ಕೆಳಗೆ ಕಳೆದುಕೊಂಡ ಜನರಿಗೆ ಕಲ್ಲೆಂದರೆ ಭಯ ಹುಟ್ಟಿತ್ತು. ಹಳೆಯ ಗೋಡೆಯನ್ನು ಬಲಪಡಿಸಬಹುದೆಂದರೆ ನಂಬುವವರು ವಿರಳ. ಈ ನಂಬಿಕೆಯನ್ನು ಮರಳಿ ಕಟ್ಟದೆ ಮನೆಯನ್ನು ಮರಳಿ ಕಟ್ಟುವಂತಿರಲಿಲ್ಲ.

ಗೋಡೆಯನ್ನು ಬಲಪಡಿಸುವ ವಿಧಾನ

ಇದಕ್ಕಾಗಿ ಬಳಸಲಾದ ತಂತ್ರಜ್ಞಾನವು ಹಳ್ಳಿಯ ಗೌಂಡಿಯೂ ಕಲಿಯಬಹುದಾದಷ್ಟು ಸರಳವಾಗಿದೆ. ಭಾರತೀಯ ಮಾನಕ ಸಂಸ್ಥೆಯು 1993ರಲ್ಲಿಯೇ ದುರ್ಬಲ ಕಲ್ಲುಕಟ್ಟಡಗಳ ರಕ್ಷಣೆ ಮತ್ತು ದುರಸ್ತಿಯ ಬಗ್ಗೆ ಮಾರ್ಗಸೂಚಿಗಳನ್ನು ಪ್ರಕಟಿಸಿತ್ತು. ಅವುಗಳ ಮುಖ್ಯ ತತ್ತ್ವಗಳು ಹೀಗಿವೆ:

1. ಪದರಗಳನ್ನು ಬೆಸೆಯುವುದು. ಗೋಡೆಯಲ್ಲಿ ಅಲ್ಲಲ್ಲಿ ಕಲ್ಲುಗಳನ್ನು ನಿಧಾನವಾಗಿ ಸಡಿಲಿಸಿ, ಒಳಮೈಯಿಂದ ಹೊರಮೈಯವರೆಗೆ ರಂಧ್ರ ಮಾಡಿ, ಎರಡೂ ತುದಿಗಳಲ್ಲಿ ಬಾಗಿಸಿದ ಕಬ್ಬಿಣದ ಸರಳನ್ನಿಟ್ಟು ಕಾಂಕ್ರೀಟು ತುಂಬಲಾಗುತ್ತದೆ. ಹೊಸದಾಗಿ ಕಟ್ಟುವ ಗೋಡೆಯಲ್ಲಾದರೆ ಗೋಡೆಯ ಪೂರ್ಣ ದಪ್ಪಕ್ಕೆ ಚಾಚುವ ಉದ್ದನೆಯ ಕಲ್ಲುಗಳನ್ನು ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರಿಗೆ, ಉದ್ದದಲ್ಲಿ 1.2 ಮೀಟರು ಮೀರದ ಅಂತರದಲ್ಲಿ ಇಡಬೇಕು.

2. ಮನೆಗೆ ನಡುಕಟ್ಟು ಹಾಕುವುದು. ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವರಿಯುವಂತೆ ಕಾಂಕ್ರೀಟಿನ ಪಟ್ಟಿಯನ್ನಾಗಲಿ, ಹಳೆಯ ಮನೆಯಾದರೆ ತಂತಿ ಜಾಲರಿಯ ಮೇಲೆ ಸಿಮೆಂಟ್ ಗಾರೆ ಬಳಿದ ಪಟ್ಟಿಯನ್ನಾಗಲಿ ಕೊಡಬೇಕು. ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕಿದಂತೆ ಈ ಪಟ್ಟಿಯು ನಾಲ್ಕು ಗೋಡೆಗಳನ್ನು ಒಂದಾಗಿ ಹಿಡಿದಿಡುತ್ತದೆ.

3. ಮೂಲೆಗಳನ್ನು ಭದ್ರಗೊಳಿಸುವುದು. ಎರಡು ಗೋಡೆಗಳು ಸೇರುವ ಮೂಲೆಯೇ ಮೊದಲು ಬಿರಿಯುವ ಜಾಗವಾದ್ದರಿಂದ ಅಲ್ಲಿ ವಿಶೇಷ ಬಂಧನ ಅಗತ್ಯ. ಬಾಗಿಲು, ಕಿಟಕಿಗಳನ್ನು ಮೂಲೆಯಿಂದ ದೂರವಿಡಬೇಕು.

4. ಮಾಳಿಗೆಯ ಭಾರ ಇಳಿಸುವುದು. ಹೆಚ್ಚಿನ ಮಣ್ಣನ್ನು ತೆಗೆದು, ಸೋರಿಕೆ ತಡೆಯಲು ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಅದರ ಮೇಲೆ ತೆಳ್ಳಗೆ ಮಣ್ಣನ್ನು ಹರಡಿದರೆ ಸಾಕು.

ಹಳ್ಳಿಯ ಮಹಿಳೆಯರೇ ಮಾರ್ಗದರ್ಶಕರು

ಈ ತಿಳಿವಳಿಕೆಯನ್ನು ಸಾವಿರಕ್ಕೂ ಹೆಚ್ಚು ಹಳ್ಳಿಗಳಿಗೆ ಮುಟ್ಟಿಸಲು ಇಂಜಿನಿಯರುಗಳು ಮಾತ್ರ ಸಾಲುತ್ತಿರಲಿಲ್ಲ. ದುರಸ್ತಿ ಕಾರ್ಯಕ್ರಮದಲ್ಲಿ ಜನರ ಸಹಭಾಗಿತ್ವವನ್ನು ಸಂಘಟಿಸುವ ಹೊಣೆಯನ್ನು ಪ್ರೇಮಾ ಗೋಪಾಲನ್ ಅವರು ಸ್ಥಾಪಿಸಿದ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಗೆ ವಹಿಸಲಾಯಿತು. ಈ ಸಂಸ್ಥೆಯು ಹಳ್ಳಿಯ ಮಹಿಳಾ ಮಂಡಳಗಳಿಂದಲೇ ‘ಸಂವಾದ ಸಹಾಯಕ’ರನ್ನು ಆರಿಸಿತು. ಮನೆಮಾಲೀಕರಿಗೆ ನೆರವಿನ ನಿಯಮಗಳನ್ನು ತಿಳಿಸುವುದು, ಗೋಡೆಯ ಬಲವರ್ಧನೆಯ ಕ್ರಮವನ್ನು ವಿವರಿಸುವುದು, ಕೆಲಸ ಸರಿಯಾಗಿ ನಡೆದಿದೆಯೇ ಎಂದು ನೋಡುವುದು, ತೊಡಕುಗಳನ್ನು ಅಧಿಕಾರಿಗಳಿಗೆ ಮುಟ್ಟಿಸುವುದು ಇವರ ಕರ್ತವ್ಯವಾಗಿತ್ತು. ಅದುವರೆಗೆ ಗ್ರಾಮಸಭೆಯಲ್ಲಿ ಬಾಯಿ ತೆರೆಯದಿದ್ದ ಮಹಿಳೆಯರು ಗಾರೆಯ ಪ್ರಮಾಣ, ಸರಳಿನ ಅಂತರಗಳ ಬಗ್ಗೆ ಪ್ರಶ್ನಿಸತೊಡಗಿದರು.

2001ರ ಜನವರಿ 26ರಂದು ಗುಜರಾತಿನ ಕಚ್ಛ ಪ್ರದೇಶದಲ್ಲಿ ಭೂಕಂಪ ಸಂಭವಿಸಿದಾಗ, ಲಾತೂರ ಪ್ರದೇಶದ ಮಹಿಳೆಯರು ಅಲ್ಲಿಗೆ ತೆರಳಿ ತಮ್ಮ ಅನುಭವವನ್ನು ಹಂಚಿಕೊಂಡರು. ನಿನ್ನೆಯ ಸಂತ್ರಸ್ತರು ಇಂದಿನ ಶಿಕ್ಷಕರಾದರು. ಹಣಕಾಸಿನ ನೆರವು ಒಮ್ಮೆ ಖರ್ಚಾದರೆ ಮುಗಿಯಿತು. ಆದರೆ ಕಲಿತ ವಿದ್ಯೆಯು ಹಂಚಿದಷ್ಟೂ ಹೆಚ್ಚುತ್ತದೆ.

ಪುಣೆಯ ಭಾರತೀಯ ಜೈನ ಸಂಘಟನೆಯ ಕಾರ್ಯವೂ ಇಲ್ಲಿ ಸ್ಮರಣೀಯ. ಶಾಂತಿಲಾಲ ಮುತ್ಥಾ ಅವರ ನೇತೃತ್ವದ ಈ ಸಂಸ್ಥೆಯು ಕಿಲ್ಲಾರಿ ಭೂಕಂಪಪೀಡಿತ ಪ್ರದೇಶದ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆತಂದು ಅವರ ವಸತಿ ಮತ್ತು ವಿದ್ಯಾಭ್ಯಾಸದ ಹೊಣೆ ಹೊತ್ತಿತು. 2001ರಲ್ಲಿ ಗುಜರಾತಿನಲ್ಲಿ ಇದೇ ಸಂಸ್ಥೆಯು ಮೊದಲೇ ಸಿದ್ಧಪಡಿಸಿದ ಭಾಗಗಳನ್ನು ಜೋಡಿಸುವ ವಿಧಾನದಿಂದ ಕೆಲವೇ ತಿಂಗಳುಗಳಲ್ಲಿ 368 ಶಾಲೆಗಳನ್ನು ನಿರ್ಮಿಸಿತು. ಶಾಲೆ ತೆರೆದರೆ ಮಕ್ಕಳ ಮನಸ್ಸು ದುಃಖದಿಂದ ಹೊರಬರುತ್ತದೆ. ತಂದೆತಾಯಿಗಳಿಗೂ ಮನೆ ಕಟ್ಟುವ ಕೆಲಸಕ್ಕೆ ಬಿಡುವು ದೊರೆಯುತ್ತದೆ.

ಕೋಥರೂಡದ ಒಂದು ಪ್ರಯೋಗ

ಪುನರ್ನಿರ್ಮಾಣವೆಂದರೆ ಗೋಡೆ ಮತ್ತು ಮಾಳಿಗೆ ಮಾತ್ರವಲ್ಲ. ನೀರು, ರಸ್ತೆ, ವಿದ್ಯುತ್ತು ಮರಳಿ ಬಂದಾಗಲೇ ಊರು ಊರಾಗುತ್ತದೆ. ಇವು ಬಂದಿವೆಯೆಂದು ಕಾಗದದಲ್ಲಿರುವುದಕ್ಕೂ ಮನೆಯಲ್ಲಿ ಅನುಭವಕ್ಕೆ ಬರುವುದಕ್ಕೂ ಅಂತರವಿರಬಹುದು. ಈ ಅಂತರವನ್ನು ಅಳೆಯುವ ಒಂದು ಮಾದರಿ ಕೋಥರೂಡದಲ್ಲಿ ರೂಪುಗೊಂಡಿತು.

ಕೋಥರೂಡ ಕೈಗಾರಿಕಾ ಪ್ರದೇಶದಲ್ಲಿ, ಮಕ್ಕಳಿಗೆ ಪ್ರಿಯವಾದ ಪುಟ್ಟ ರೈಲುಗಳ ವಸ್ತುಸಂಗ್ರಹಾಲಯದ ಓಣಿಯಲ್ಲಿ, ಪ್ರಯಾಸ ಸಂಸ್ಥೆಯ ಇಂಧನ ವಿಭಾಗದ ಕಚೇರಿಯಿದೆ. 1994ರಲ್ಲಿ ಸ್ಥಾಪನೆಯಾದ ಈ ಸ್ವಯಂಸೇವಾ ಸಂಸ್ಥೆಯು ವಿದ್ಯುತ್ ನೀತಿಯನ್ನು ಸಾಮಾನ್ಯ ಬಳಕೆದಾರರ ಹಿತದೃಷ್ಟಿಯಿಂದ ಅಧ್ಯಯನ ಮಾಡುತ್ತ ಬಂದಿದೆ. ವಿದ್ಯುತ್ ಪೂರೈಕೆಯ ಗುಣಮಟ್ಟವನ್ನು ಅರಿಯಲು ಈ ಸಂಸ್ಥೆಯು ಒಂದು ಚಿಕ್ಕ ಯಂತ್ರವನ್ನು ಬಳಕೆಗೆ ತಂದಿತು. ಅದನ್ನು ಮನೆಯ ಸಾಮಾನ್ಯ ಪ್ಲಗ್ಗಿಗೆ ಜೋಡಿಸಿದರೆ ಸಾಕು. ನಿಮಿಷ ನಿಮಿಷಕ್ಕೂ ವೋಲ್ಟೇಜನ್ನು ದಾಖಲಿಸಿ, ಮೊಬೈಲ್ ಜಾಲದ ಮೂಲಕ ಕೇಂದ್ರ ಗಣಕಯಂತ್ರಕ್ಕೆ ಕಳುಹಿಸುತ್ತದೆ. ದೇಶದ ಹಲವು ರಾಜ್ಯಗಳ ನಗರ, ಹಳ್ಳಿಗಳಲ್ಲಿ ಇಂಥ ಯಂತ್ರಗಳನ್ನು ಅಳವಡಿಸಿ, ದೊರೆತ ಮಾಹಿತಿಯನ್ನು ಸಾರ್ವಜನಿಕರಿಗೆ ಮುಕ್ತವಾಗಿ ಒದಗಿಸಲಾಯಿತು.

ಇದರ ಮಹತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ‘ನಮ್ಮೂರಿನಲ್ಲಿ ಕರೆಂಟು ಇರುವುದಿಲ್ಲ’ ಎಂಬುದು ದೂರು. ‘ಸಂಜೆ 6ರಿಂದ ರಾತ್ರಿ 11ರವರೆಗಿನ ಅವಧಿಯಲ್ಲಿ ಕಳೆದ ತಿಂಗಳು ಇಷ್ಟು ಗಂಟೆ ಪೂರೈಕೆ ಇರಲಿಲ್ಲ, ಇಷ್ಟು ಗಂಟೆ ವೋಲ್ಟೇಜು ಕಡಿಮೆಯಿತ್ತು’ ಎಂಬುದು ಪುರಾವೆ. ದೂರನ್ನು ಅಲ್ಲಗಳೆಯಬಹುದು, ಪುರಾವೆಗೆ ಉತ್ತರ ಕೊಡಬೇಕಾಗುತ್ತದೆ. ಯಾವ ಫೀಡರಿನಲ್ಲಿ ದೋಷವಿದೆ ಎಂದು ತಿಳಿಯಲು ವಿದ್ಯುತ್ ಕಂಪನಿಗಳಿಗೂ ಇಂಥ ದಾಖಲೆ ಸಹಾಯಕ. ಚಂಡಮಾರುತ ಅಥವಾ ನೆರೆಯ ನಂತರ ಪೂರೈಕೆ ಎಂದು ಮರಳಿತು, ಮರಳಿದ್ದು ನಿಂತಿತೇ ಎಂಬುದನ್ನು ಅರಿಯಲೂ ಈ ವಿಧಾನವನ್ನು ಬಳಸಿಕೊಳ್ಳಬಹುದಾಗಿದೆ.

ಗಡಿ ಜಿಲ್ಲೆಗಳ ಜನತೆ ಗಮನಿಸಬೇಕಾದುದು

ಬೀದರ, ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲಿ ಮತ್ತು ನೆರೆಯ ಸೊಲ್ಲಾಪುರದ ಕನ್ನಡ ಹಳ್ಳಿಗಳಲ್ಲಿ ಕಲ್ಲು-ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಇಂದಿಗೂ ಇವೆ. ಬೇಸಿಗೆಯಲ್ಲಿ ತಂಪಾಗಿರುವ ಈ ಮನೆಗಳನ್ನು ಕೆಡವಬೇಕಾದ ಅಗತ್ಯವಿಲ್ಲ, ಬಿಗಿಯಬೇಕಾದ ಅಗತ್ಯವಿದೆ. ಮಾಳಿಗೆಗೆ ಮತ್ತೆ ಮಣ್ಣು ಹೊರಿಸುವ ಮೊದಲು ಈಗಿರುವ ಮಣ್ಣಿನ ದಪ್ಪವನ್ನು ಅಳೆಯುವುದು, ಉಬ್ಬಿದ ಗೋಡೆ ಮತ್ತು ಬಿರಿದ ಮೂಲೆಗಳನ್ನು ಮಳೆಗಾಲಕ್ಕೆ ಮುನ್ನ ದುರಸ್ತಿ ಮಾಡಿಸುವುದು, ಹೊಸ ಗೋಡೆ ಕಟ್ಟಿಸುವಾಗ ಪೂರ್ಣ ದಪ್ಪದ ಕಲ್ಲುಗಳನ್ನು ಇಡಲು ಗೌಂಡಿಗೆ ಹೇಳುವುದು, ಗುಡುಗು ಮಳೆಯ ರಾತ್ರಿಗಳಲ್ಲಿ ಶಿಥಿಲ ಗೋಡೆಯ ಬದಿಗೆ ಮಕ್ಕಳು ಮತ್ತು ವೃದ್ಧರನ್ನು ಮಲಗಿಸದಿರುವುದು ಪ್ರತಿ ಕುಟುಂಬವೂ ಕೈಗೊಳ್ಳಬಹುದಾದ ಕ್ರಮಗಳಾಗಿವೆ. ಊರಿನ ಸ್ವಸಹಾಯ ಸಂಘಗಳು ಮತ್ತು ಯುವಕ ಮಂಡಳಗಳು ಇಂಥ ಮನೆಗಳ ಪಟ್ಟಿ ತಯಾರಿಸಿ ಗ್ರಾಮ ಪಂಚಾಯಿತಿಯ ಗಮನಕ್ಕೆ ತರುವುದು ಸೂಕ್ತ.

ಉಪಸಂಹಾರ

ಕಿಲ್ಲಾರಿಯ ಗೋಡೆಯೊಳಗಿನ ಕಬ್ಬಿಣದ ಸರಳು, ಕೋಥರೂಡದಲ್ಲಿ ರೂಪುಗೊಂಡ ವಿದ್ಯುತ್ ದಾಖಲೆಯ ಯಂತ್ರ: ಇವೆರಡೂ ಗಾತ್ರದಲ್ಲಿ ಚಿಕ್ಕವು. ಇವುಗಳ ಸಾರ್ಥಕತೆಯು ಯಂತ್ರದ ಬೆಲೆಯಲ್ಲಿಲ್ಲ. ಅದನ್ನು ಜನಸಾಮಾನ್ಯರು ಅರಿತು, ಬಳಸಿ, ಅದರ ಆಧಾರದ ಮೇಲೆ ಪ್ರಶ್ನೆ ಕೇಳಬಲ್ಲರು ಎಂಬುದರಲ್ಲಿದೆ. ಸರ್ಕಾರದ ಸಂಪನ್ಮೂಲ, ತಜ್ಞರ ಜ್ಞಾನ ಮತ್ತು ಸ್ವಯಂಸೇವಾ ಸಂಸ್ಥೆಗಳ ಜನಸಂಪರ್ಕ ಒಂದುಗೂಡಿದಲ್ಲಿ ಪುನರ್ನಿರ್ಮಾಣವು ಸುಗಮವಾಗುತ್ತದೆ. ಭೂಕಂಪವನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಆದರೆ ಬೆಳಗಿನ ಜಾವ ನೆಲ ನಡುಗಿದಾಗ ಮಲಗಿದ ಮಕ್ಕಳ ಮೇಲೆ ಗೋಡೆ ಉರುಳದಂತೆ ನೋಡಿಕೊಳ್ಳುವ ಶಕ್ತಿ ನಮ್ಮ ಕೈಯಲ್ಲಿಯೇ ಇದೆ.