ಹಣ್ಣಿನ ನೊಣಗಳ ಗುರುತು

ಮಾವಿನ ಕಾಲದಲ್ಲಿ ಒಂದು ವ್ಯಥೆಯು ಮನೆಮನೆಗೂ ಬರುವುದುಂಟು. ಹೊರಗೆ ಬಂಗಾರದಂತೆ ಥಳಥಳಿಸುವ ಹಣ್ಣನ್ನು ಹೋಳು ಮಾಡಿದೊಡನೆ ಒಳಗೆ ಬಿಳಿಯ ಹುಳುಗಳು ಮಿಸುಕುತ್ತಿರುವುವು. ಕೆಲವು ಮೈ ಬಾಗಿಸಿ ಚಂಗನೆ ತಟ್ಟೆಯಿಂದಾಚೆಗೆ ನೆಗೆಯುವುವು. ಹೂವಿನಲ್ಲಿಯೇ ಹುಳು ಸೇರಿತ್ತೆಂದು ಹಿರಿಯರು ಹೇಳುವರು. ವಾಟೆಯನ್ನು ಕೊರೆಯುವ ಮೂತಿಹುಳುವಿನ ವಿಷಯದಲ್ಲಿ ಈ ಮಾತು ಸತ್ಯಕ್ಕೆ ಸಮೀಪವಾದುದೇ. ಅದು ಎಳೆಗಾಯಿಯ ಮೇಲೆ ಮೊಟ್ಟೆಯಿಡುವುದು. ತಿರುಳಿನಲ್ಲಿ ಕಾಣುವ ಕಾಲಿಲ್ಲದ ಹುಳುವಾದರೋ ಹಣ್ಣಿನ ನೊಣದ ಮರಿ. ಕಾಯಿ ಬಲಿತು ಹಣ್ಣಾಗುವ ಸಮಯದಲ್ಲಿ ಹೆಣ್ಣು ನೊಣವು ಸೂಜಿಯಂತಹ ಅಂಗದಿಂದ ಸಿಪ್ಪೆಯನ್ನು ಚುಚ್ಚಿ ಅಲ್ಲಿ ಮೊಟ್ಟೆಗಳನ್ನಿಟ್ಟು ಹೋಗುವುದು.

ಹಣ್ಣಿನ ನೊಣವೆಂದೊಡನೆ ಅನೇಕರು ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ ಎಳ್ಳುಕಾಳಿನಷ್ಟು ಸಣ್ಣ ನೊಣವನ್ನು ನೆನೆಯುವರು. ಅದು ಬೇರೆ ವಂಶದ್ದು. ಹುಳಿತುದನ್ನು ಅರಸಿ ಬರುವುದೇ ಹೊರತು ಚೆನ್ನಾಗಿರುವ ಮಾವನ್ನು ಚುಚ್ಚಲಾರದು. ಕೋಲಾರದ ಕಡೆಯ ರೈತರು ಮಾವಿನ ನೊಣವನ್ನು ಊಜಿ ಎಂದು ಕರೆಯುವರು. ರೇಷ್ಮೆಹುಳುವನ್ನು ಕೊಲ್ಲುವ ಊಜಿಯೂ ಉಂಟಷ್ಟೆ. ೧೯೮೦ರಲ್ಲಿ ಬಂಗಾಳದ ಕಡೆಯಿಂದ ನಮ್ಮ ನಾಡನ್ನು ಹೊಕ್ಕ ಆ ನೊಣಕ್ಕೂ ಇದಕ್ಕೂ ಹೆಸರಿನ ನೆಂಟಸ್ತಿಕೆಯೊಂದೇ.

ಇನ್ನು ನಿಜವಾದ ಹಣ್ಣಿನ ನೊಣಗಳಲ್ಲಿಯೇ ಭೇದಗಳಿವೆ. ಮರಿಗಳನ್ನು ನೋಡಿ ಬರಿಯ ಕಣ್ಣಿನಿಂದ ಜಾತಿಯನ್ನು ಹೇಳಲಾಗದು. ಆದುದರಿಂದ ಹುಳುಬಿದ್ದ ಹಣ್ಣನ್ನು ಗಾಜಿನ ಭರಣಿಯಲ್ಲಿ ಒದ್ದೆ ಮರಳಿನ ಮೇಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿಡಬೇಕು. ಹುಳುಗಳು ಮರಳಿಗಿಳಿದು ಗೋದಿಕಾಳಿನಂತಹ ಕೋಶಗಳಾಗಿ, ಎರಡು ಮೂರು ವಾರಗಳಲ್ಲಿ ನೊಣಗಳಾಗಿ ಏಳುವುವು. ಸಕ್ಕರೆನೀರು ಕೊಟ್ಟು ಮೂರು ನಾಲ್ಕು ದಿನ ಬದುಕಿಸಿದಲ್ಲದೆ ಮೈಬಣ್ಣ ಬಲಿಯದು.

ಆಮೇಲೆ ಭೂತಗನ್ನಡಿ ಹಿಡಿದು ನೋಡುವುದು. ಎದೆಯ ಮೇಲ್ಭಾಗವು ಕಪ್ಪಾಗಿ, ಎರಡು ಪಕ್ಕಗಳಲ್ಲಿ ಹಳದಿಯ ಗೆರೆಗಳಿದ್ದು, ಹೊಟ್ಟೆಯ ಮೇಲೆ ಇಂಗ್ಲಿಷಿನ ಟಿ ಅಕ್ಷರದಂತೆ ಕಪ್ಪು ಗುರುತಿದ್ದರೆ ಅದು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್. ಮಾವಿನ ಮುಖ್ಯ ಶತ್ರು. ಇದರ ರೆಕ್ಕೆಯ ಮುಂದಂಚಿನಲ್ಲಿ ತುದಿಯವರೆಗೂ ಕಂದುಪಟ್ಟಿಯು ತುಂಡಾಗದೆ ಓಡುವುದು. ಪಟ್ಟಿಯು ತುಂಡಾಗಿ ತುದಿಯಲ್ಲಿ ಚುಕ್ಕೆಯೊಂದು ಉಳಿದು, ಮೈ ಕೆಂಗಂದಾಗಿ, ಮುಖದ ಮೇಲೆ ಎರಡು ಬೊಟ್ಟುಗಳಿದ್ದರೆ ಅದು ಜೊನಾಟಾ. ಆ ಬೊಟ್ಟುಗಳು ಅಡ್ಡಗೆರೆಯಂತೆ ಕೂಡಿದ್ದರೆ ಕರೆಕ್ಟಾ. ಸೀಬೆಹಣ್ಣಿನಲ್ಲಿ ಇದು ಹೆಚ್ಚು. ಎದೆಯ ಮೇಲೆ ನಡುವೆಯೂ ಸೇರಿ ಮೂರು ಹಳದಿ ಗೆರೆಗಳಿದ್ದರೆ ಅದು ಹಾಗಲ, ಹೀರೆ, ಸೌತೆಗಳನ್ನು ಕೆಡಿಸುವ ಕುಕುರ್ಬಿಟೆ.

ಇಷ್ಟು ಸೂಕ್ಷ್ಮವೇತಕ್ಕೆಂದು ವಾಚಕರು ಕೇಳಬಹುದು. ೧೯೧೨ರಲ್ಲಿ ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರು ಸಿಟ್ರೊನೆಲ್ಲಾ ಎಣ್ಣೆಯ ವಾಸನೆಗೆ ಕೆಲವು ಜಾತಿಯ ಗಂಡು ನೊಣಗಳು ಮುತ್ತುವುದನ್ನು ಪ್ರಕಟಿಸಿದರು. ಮೀಥೈಲ್ ಯೂಜಿನಾಲ್ ಎಂಬ ವಸ್ತುವಿಗೆ ಆ ಶಕ್ತಿಯಿರುವುದು ಬಳಿಕ ತಿಳಿಯಿತು. ನಮ್ಮ ತುಳಸಿಯಲ್ಲಿಯೂ ಅದುಂಟು. ಇಂದು ತೋಪುಗಳಲ್ಲಿ ತೂಗುಹಾಕುವ ಮೋಹಕ ಬಲೆಗಳಲ್ಲಿರುವುದು ಇದೇ. ಗಂಡುಗಳು ಸತ್ತರೆ ಹೆಣ್ಣುಗಳ ಸಂತಾನ ಕ್ಷೀಣಿಸುವುದು. ಆದರೆ ಮೂರು ಗೆರೆಯ ನೊಣವು ಈ ವಾಸನೆಯನ್ನು ಮೂಸಿಯೂ ನೋಡದು. ಅದಕ್ಕೆ ಕ್ಯೂಲ್ಯೂರ್ ಎಂಬ ಬೇರೆ ಮೋಹಕವೇ ಬೇಕು. ನಮ್ಮ ನೆರೆಮನೆಯ ತಾಯಿಯೊಬ್ಬರು ಮಾವಿನ ಬಲೆಯನ್ನು ಹಾಗಲದ ಚಪ್ಪರಕ್ಕೆ ಕಟ್ಟಿದ್ದರು. ಬಲೆಯ ತುಂಬ ನೊಣ ಬಿದ್ದುವು, ಹಾಗಲವೂ ಕೊಳೆಯಿತು! "ಇಷ್ಟು ಸತ್ತರೂ ಇನ್ನೆಷ್ಟಿವೆಯಪ್ಪಾ?" ಎಂದು ಅವರು ಕೇಳಿದರು. ಬಿಡಿಸಿ ನೋಡಿದರೆ ಬಿದ್ದುವೆಲ್ಲ ಪಕ್ಕದ ಸೀಬೆಮರದವು.

ಪಂಡಿತರೂ ಹೀಗೆ ತೊಡಕಿನಲ್ಲಿ ಸಿಕ್ಕಿದ್ದುಂಟು. ೨೦೦೩ರಲ್ಲಿ ಆಫ್ರಿಕದ ಕೀನ್ಯಾದಲ್ಲಿ ಹೊಸ ನೊಣವೊಂದು ಕಂಡಿತು. ೨೦೦೫ರಲ್ಲಿ ಅದಕ್ಕೆ ಇನ್‌ವೇಡೆನ್ಸ್, ಎಂದರೆ ದಂಡೆತ್ತಿ ಬಂದುದು, ಎಂದು ನಾಮಕರಣವಾಯಿತು. ಫಿಲಿಪೈನ್ಸ್ ದ್ವೀಪಗಳ ನೊಣಕ್ಕೆ ಇನ್ನೊಂದು ಹೆಸರು, ಪಪಾಯಿಯ ಹೆಸರಿನ ಮತ್ತೊಂದು. ಹೆಸರು ಬೇರೆಯಾದಾಗ ರೇವುಗಳಲ್ಲಿ ಕಟ್ಟಳೆಯೂ ಬೇರೆಯಾಗುವುದು. ಅನೇಕ ದೇಶಗಳ ವಿದ್ವಾಂಸರು ಅವುಗಳ ಅಂಗರಚನೆ, ವಂಶವಾಹಿ, ಪರಸ್ಪರ ಕೂಡುವಿಕೆಗಳನ್ನೆಲ್ಲ ಹೋಲಿಸಿ, ಮೂರೂ ನಮ್ಮ ಡಾರ್ಸಾಲಿಸ್ ಎಂದೇ ೨೦೧೫ರಲ್ಲಿ ತೀರ್ಮಾನಿಸಿದರು. ಎಲ್ಲರೂ ತಲೆದೂಗಿದರೆಂದಲ್ಲ, ವಾದವಿಲ್ಲದ ವರ್ಗೀಕರಣವೆಲ್ಲಿಯದು?

ಈ ನೊಣಗಳ ದೆಸೆಯಿಂದ ನಮ್ಮ ದೇಶವು ಅವಮಾನವನ್ನೂ ಪಟ್ಟಿತು. ೨೦೧೩ರಲ್ಲಿ ಭಾರತದಿಂದ ಹೋದ ೨೦೭ ರವಾನೆಗಳ ಹಣ್ಣು ತರಕಾರಿಗಳಲ್ಲಿ ಹಣ್ಣಿನ ನೊಣವೇ ಮೊದಲಾದ ಕೀಟಗಳು ಸಿಕ್ಕಿದುದರಿಂದ, ಯುರೋಪಿನ ಒಕ್ಕೂಟವು ೨೦೧೪ರ ಮೇ ತಿಂಗಳಿನಿಂದ ಮಾವು, ಹಾಗಲ, ಪಡವಲ, ಬದನೆ, ಕೆಸವುಗಳನ್ನು ತಡೆಯಿತು. ಮಾವಿನ ತಡೆಯು ೨೦೧೫ರ ಜನವರಿಯಲ್ಲಿ ತೆಗೆಯಲ್ಪಟ್ಟಿತು. ಮೊಟ್ಟೆ ಮರಿಗಳನ್ನು ಕೊಲ್ಲಲು, ಕೊಯ್ದ ಮಾವನ್ನು ೪೮ ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ಒಂದು ಘಂಟೆ ಮುಳುಗಿಸಿಡುವ ಕ್ರಮವುಂಟು. ಶಾಖವು ಹೆಚ್ಚಾದರೆ ಹಣ್ಣು ಬೇಯುವುದು, ಕಡಮೆಯಾದರೆ ಹುಳು ಬದುಕುವುದು. ಉಷ್ಣಮಾಪಕವಿಲ್ಲದೆ ಅಂದಾಜಿನಿಂದ ಮಾಡತಕ್ಕ ಕೆಲಸವಲ್ಲ.

ಹಿತ್ತಿಲಿರುವವರಿಗೆ ಬೇರೊಂದು ಕೆಲಸವಿದೆ. ಉದುರಿದ ಹಣ್ಣನ್ನು ಮರದಡಿಯಲ್ಲಿಯೇ ಬಿಡುವುದೆಂದರೆ ನೊಣಗಳ ತೊಟ್ಟಿಲನ್ನು ತೂಗಿದಂತೆ. ಹುಳುಗಳು ಅಲ್ಲಿಯೇ ಮಣ್ಣಿಗಿಳಿಯುವುವು. ಗೊಬ್ಬರದ ಗುಂಡಿಯ ಮೇಲೆ ಎಸೆದರೂ ಅಷ್ಟೆ. ದಿನವೂ ಆಯ್ದು, ಎರಡು ಅಡಿ ಆಳದ ಕುಳಿಯಲ್ಲಿ ಹಾಕಿ ಮಣ್ಣನ್ನು ತುಳಿದು ಮುಚ್ಚಬೇಕು. ನೆರೆಮನೆಯ ತಾಯಿಯವರು ಈಗ ಎಳೆಯ ಹಾಗಲಕಾಯಿಗಳಿಗೆಲ್ಲ ಹಳೆಯ ವೃತ್ತಪತ್ರಿಕೆಯ ಚೀಲ ತೊಡಿಸಿದ್ದಾರೆ. ಭರಣಿಯೊಂದು ಅವರ ಕಿಟಕಿಯಲ್ಲಿ ಮರಳು ತುಂಬಿ ಕುಳಿತಿದೆ.